ಹಸಿವಿಗೂ ಖಾತೆ ತೆರೆದ ಡಾಕ್ಟರ್: ಜಾನ್ ಬಾಯ್ಡ್ ಓರ್

ಪ್ರತಿ ವರ್ಷ ಅಕ್ಟೋಬರ್ 16ರಂದು ವಿಶ್ವ ಆಹಾರ ದಿನ ಆಚರಿಸುವ ಪದ್ಧತಿ 1981ರಿಂದ ನಡೆದು ಬಂದಿದೆ. ಅಂದು ಕೆಲವು ಶಾಲೆಗಳಲ್ಲಿ ಭಾಷಣ, ಸಂಘ-ಸಂಸ್ಥೆಗಳಲ್ಲಿ ಅನ್ನದಾನ ಏರ್ಪಡುವುದುಂಟು. ಆದರೆ ಆ ದಿನವೇ ಯಾಕೆ ಎಂದು ಕೇಳಿದರೆ ಹೇಳುವವರು ಕಡಿಮೆ. 1945ರ ಅಕ್ಟೋಬರ್ 16ರಂದು ಕೆನಡಾದ ಕ್ವಿಬೆಕ್ ನಗರದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹುಟ್ಟಿತು. ಅದರ ಪ್ರಥಮ ಮಹಾನಿರ್ದೇಶಕರಾಗಿ ಆಯ್ಕೆಯಾದವರು ಸ್ಕಾಟ್ಲೆಂಡಿನ 65 ವರ್ಷದ ವೈದ್ಯ ಜಾನ್ ಬಾಯ್ಡ್ ಓರ್. ಹಗಲು ದುಡಿದು ಸಂಜೆ ಓದಿ ಮೇಲೆ ಬಂದ ನಮ್ಮ ಮುಂಬಯಿ ಕನ್ನಡಿಗರಿಗೆ ಅವರ ಜೀವನ ಅಷ್ಟೇನೂ ದೂರದ್ದೆನಿಸದು.

ಓರ್ ಹುಟ್ಟಿದ್ದು 1880ರ ಸೆಪ್ಟೆಂಬರ್ 23ರಂದು, ಕಿಲ್‌ಮಾರ್ಸ್ ಎಂಬ ಹಳ್ಳಿಯಲ್ಲಿ. ತಂದೆಗೆ ಕಲ್ಲುಕ್ವಾರಿಯ ವ್ಯವಹಾರ. ಅವರ ಹಡಗೊಂದು ಸಮುದ್ರದ ಪಾಲಾದ ಮೇಲೆ ಮನೆಯ ಸ್ಥಿತಿ ಇಳಿಯಿತು. ಹುಡುಗನನ್ನು 13ನೇ ವಯಸ್ಸಿನಲ್ಲಿ ಪೇಟೆಯ ಒಳ್ಳೆಯ ಶಾಲೆಗೆ ಕಳಿಸಿದರೆ ಅವನು ತರಗತಿಗಿಂತ ಹೆಚ್ಚು ಹೊತ್ತು ಕಲ್ಲು ಒಡೆಯುವವರ ಜೊತೆಗೇ ಕಳೆದ. ತಂದೆ ಅವನನ್ನು ಊರಿಗೇ ಕರೆಸಿಕೊಂಡರು. ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಲೇ ತಾನೂ ಓದಿ, 19ನೇ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ಪಡೆದು ಗ್ಲಾಸ್ಗೋ ಸೇರಿದರು.

ಶಿಕ್ಷಕರಾಗಿ ಅವರಿಗೆ ಸಿಕ್ಕಿದ ಮೊದಲ ಶಾಲೆ ಗ್ಲಾಸ್ಗೋದ ಕೊಳೆಗೇರಿಯಲ್ಲಿತ್ತು. ಕಿಕ್ಕಿರಿದ ತರಗತಿ, ಹರಕು ಬಟ್ಟೆ, ಮೈತುಂಬ ಹೇನು, ಬೆಳಗಿನ ಊಟವಿಲ್ಲದೆ ಬಂದು ಕೂತ ಮಕ್ಕಳು. ಇಂಥ ಮಕ್ಕಳಿಗೆ ಪಾಠದಿಂದ ಏನೂ ಆಗದೆಂದು ಓರ್ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಇದನ್ನು ಪಲಾಯನವೆಂದು ಕರೆಯುವವರು ಕರೆಯಬಹುದು. ಆದರೆ ಮುಂದಿನ ಅರುವತ್ತು ವರ್ಷ ಅವರು ಮಾಡಿದ್ದೆಲ್ಲ ಆ ಮಕ್ಕಳ ಕೆಲಸವೇ.

ಬಳಿಕ ಸಾಲ್ಟ್‌ಕೋಟ್ಸ್ ಎಂಬ ಊರಿನಲ್ಲಿ ಮೇಷ್ಟರಾದರು. ಸಂಬಳ ಸಾಲದ್ದರಿಂದ ಸಂಜೆ ತರಗತಿಯಲ್ಲಿ ಬುಕ್ ಕೀಪಿಂಗ್ ಮತ್ತು ಅಕೌಂಟೆನ್ಸಿ ಕಲಿಸಲು ಒಪ್ಪಿಕೊಂಡರು. ಆ ವಿಷಯ ಅವರಿಗೆ ಬರುತ್ತಿರಲಿಲ್ಲ! ರಾತ್ರಿ ಕೂತು ಓದಿ, ಪರೀಕ್ಷೆ ಪಾಸು ಮಾಡಿ, ಆಮೇಲೆ ಇತರರಿಗೆ ಕಲಿಸಿದರು. ಜಮಾ-ಖರ್ಚು ತಾಳೆ ನೋಡುವ ಈ ವಿದ್ಯೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬ್ಯಾಂಕ್ ಕೌಂಟರಿಗೆ ಬಂದ ನನ್ನಂಥವನಿಗೆ ಅವರ ಚರಿತ್ರೆಯಲ್ಲಿ ತುಂಬ ಹಿಡಿಸಿದ್ದು ಇದೇ ಭಾಗ.

ನಂತರ ಜೀವಶಾಸ್ತ್ರ ಮತ್ತು ವೈದ್ಯಕೀಯ ಕಲಿಯಲು ಮತ್ತೆ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಬಂದರು. ಖರ್ಚಿಗೆ ಅವರು ಹೂಡಿದ ಉಪಾಯ ನೋಡಿ: ಬ್ಯಾಂಕಿನ ಓವರ್‌ಡ್ರಾಫ್ಟ್ ಪಡೆದು, ಬಾಡಿಗೆದಾರರಿದ್ದ ಒಂದು ಕಟ್ಟಡವನ್ನು ಅಡಮಾನದ ಮೇಲೆ ಖರೀದಿಸಿದರು. ಬಾಡಿಗೆಯಲ್ಲಿ ಕಂತು ತೀರಿತು, ಓದು ಮುಗಿದಾಗ ಕಟ್ಟಡ ಮಾರಿ ಸ್ವಲ್ಪ ಲಾಭವೂ ಬಂತು. 1912ರಲ್ಲಿ ವೈದ್ಯರಾದರು. ಹಡಗಿನಲ್ಲಿ ನಾಲ್ಕು ತಿಂಗಳು ಡಾಕ್ಟರಾಗಿ ಪಶ್ಚಿಮ ಆಫ್ರಿಕಾಕ್ಕೂ ಹೋಗಿ ಬಂದರು.

1914ರ ಏಪ್ರಿಲ್ 1ರಂದು ಅಬರ್ಡೀನಿನಲ್ಲಿ ಪೋಷಣಾ ಸಂಶೋಧನಾಲಯದ ಹೊಣೆ ವಹಿಸಿಕೊಳ್ಳಲು ಹೋದರೆ ಅಲ್ಲಿ ಸಂಶೋಧನಾಲಯವೇ ಇರಲಿಲ್ಲ. ಮರದ ಪ್ರಯೋಗಶಾಲೆಯೊಂದನ್ನು ಕಟ್ಟುವ ಯೋಜನೆ ಮತ್ತು ಮಂಜೂರಾದ 5,000 ಪೌಂಡ್, ಇಷ್ಟೇ. ಓರ್ 50,000 ಪೌಂಡಿನ ನಕ್ಷೆ ಬರೆದರು. ಸಮಿತಿ ಒಪ್ಪಲಿಲ್ಲ. ಸರಿ ಎಂದು ಇದ್ದ 5,000ವನ್ನೇ ತೆಗೆದುಕೊಂಡು, ಮರದ ಬದಲು ಗ್ರಾನೈಟಿನಲ್ಲಿ ದೊಡ್ಡ ಕಟ್ಟಡದ ಒಂದು ಭಾಗವನ್ನು ಕಟ್ಟಿಸಿಬಿಟ್ಟರು. ಅಷ್ಟರಲ್ಲಿ ಮಹಾಯುದ್ಧ ಬಂತು. ಸೈನ್ಯದ ವೈದ್ಯರಾಗಿ ಎರಡು ಶೌರ್ಯ ಪದಕಗಳನ್ನು ಗಳಿಸಿ ಹಿಂದಿರುಗಿದರು. ಜಾನ್ ಕ್ವಿಲರ್ ರೋವೆಟ್ ಎಂಬ ಉದ್ಯಮಿಯ ದೇಣಿಗೆಯಿಂದ ಆ ಸಂಸ್ಥೆ 'ರೋವೆಟ್' ಹೆಸರಿನಲ್ಲಿ 1922ರಲ್ಲಿ ಉದ್ಘಾಟನೆಗೊಂಡಿತು.

ಅಲ್ಲಿನ ಸಂಶೋಧನೆ ಮುಖ್ಯವಾಗಿ ದನ, ಕುರಿ, ಹಂದಿಗಳ ಆಹಾರದ ಬಗ್ಗೆ. ಪ್ರಾಣಿಗೆ ತಿಳಿದದ್ದು ಮನುಷ್ಯನಿಗೂ ಅನ್ವಯಿಸಬೇಕು ಎಂಬುದು ಓರ್ ಅವರ ಹಟ. 1927ರಲ್ಲಿ ಶಾಲಾ ಮಕ್ಕಳಿಗೆ ದಿನವೂ ಹಾಲು ಕೊಟ್ಟು ನೋಡಿದರು. ಹಾಲು ಕುಡಿದ ಮಕ್ಕಳು ಕುಡಿಯದವರಿಗಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು ವೇಗವಾಗಿ ಬೆಳೆದರು. ಅದೇ ಕಾಲಕ್ಕೆ ಕೊಳ್ಳುವವರಿಲ್ಲದೆ ರೈತರ ಹಾಲು ಉಳಿಯುತ್ತಿತ್ತು. ಉಳಿದ ಹಾಲು, ಹಸಿದ ಮಕ್ಕಳು, ಎರಡೂ ಒಂದೇ ಊರಿನಲ್ಲಿ. 1934ರಲ್ಲಿ ಬ್ರಿಟನ್ನಿನ ಶಾಲೆಗಳಲ್ಲಿ ಅರ್ಧ ಪೆನ್ನಿಗೆ ಪುಟ್ಟ ಬಾಟಲಿ ಹಾಲು ಕೊಡುವ ಯೋಜನೆ ಬಂತು.

ಅವರನ್ನು ದೇಶಕ್ಕೆಲ್ಲ ಪರಿಚಯಿಸಿದ್ದು 'ಆಹಾರ, ಆರೋಗ್ಯ ಮತ್ತು ಆದಾಯ' ಎಂಬ 1936ರ ವರದಿ. 1,152 ಕುಟುಂಬಗಳ ಮನೆಖರ್ಚಿನ ಲೆಕ್ಕ ತೆಗೆದು, ಜನರನ್ನು ಆದಾಯದ ಪ್ರಕಾರ ಆರು ಗುಂಪುಗಳಾಗಿ ವಿಂಗಡಿಸಿದರು. ತೀರಾ ಕೆಳಗಿನ ಗುಂಪಿನವರಿಗೆ ವಾರಕ್ಕೆ ತಲೆಗೆ 10 ಶಿಲ್ಲಿಂಗಿಗಿಂತ ಕಡಿಮೆ ಆದಾಯ, ಅದರಲ್ಲಿ ಊಟಕ್ಕೆ 4 ಶಿಲ್ಲಿಂಗ್. ಹೀಗಿದ್ದವರು 45 ಲಕ್ಷ ಜನ. ಮೇಲಿನ ಗುಂಪಿನವರು ಊಟಕ್ಕೆ 14 ಶಿಲ್ಲಿಂಗ್ ಖರ್ಚು ಮಾಡುತ್ತಿದ್ದರು. ಪೂರ್ಣ ಆರೋಗ್ಯಕ್ಕೆ ಬೇಕಾದ ಆಹಾರ ಕೊಳ್ಳುವ ಶಕ್ತಿ ದೇಶದ ಅರ್ಧ ಜನರಿಗೆ ಇಲ್ಲವೆಂದು ಲೆಕ್ಕ ಹೇಳಿತು. ಅದೂ ಸೂರ್ಯ ಮುಳುಗದ ಸಾಮ್ರಾಜ್ಯದ ಯಜಮಾನ ದೇಶದಲ್ಲಿ!

ಬಡ ತಾಯಂದಿರಿಗೆ ಅಡಿಗೆ ಗೊತ್ತಿಲ್ಲ, ದುಂದುವೆಚ್ಚ ಮಾಡುತ್ತಾರೆ ಎಂಬ ಮಾತು ಆಗ ದೊಡ್ಡವರ ಬಾಯಲ್ಲಿ ಸಾಮಾನ್ಯವಾಗಿತ್ತು. ತಪ್ಪು ತಾಯಿಯದಲ್ಲ, ಕೊರತೆ ಪರ್ಸಿನಲ್ಲಿದೆ ಎಂದು ಅಂಕಿಗಳೇ ಹೇಳಿದಾಗ ಸರ್ಕಾರಕ್ಕೆ ಇರಿಸುಮುರಿಸಾಯಿತು. ಆರೋಗ್ಯ ಮಂತ್ರಿ ಕಿಂಗ್ಸ್ಲಿ ವುಡ್ ತಮ್ಮನ್ನು ಕರೆಸಿ, ಪಿಂಚಣಿ ಮತ್ತು ನಿರುದ್ಯೋಗ ಭತ್ಯೆ ಇರುವ ದೇಶದಲ್ಲಿ ಬಡತನ ಎಲ್ಲಿಂದ ಬಂತೆಂದು ವಾದಿಸಿದ್ದನ್ನು ಓರ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ವರದಿಯನ್ನು ಸರ್ಕಾರದ ಹೆಸರಿನಲ್ಲಿ ತರುವಂತಿರಲಿಲ್ಲ, ಸ್ವಂತ ಹೆಸರಿನಲ್ಲೇ ಪ್ರಕಟಿಸಿದರು. ಅಳತೆಗೋಲನ್ನು ಬೇಕೆಂದೇ ಎತ್ತರದಲ್ಲಿಟ್ಟಿದ್ದಾರೆಂಬ ಆಕ್ಷೇಪವೂ ಬಂತು. ಅದು ಪೂರ್ತಿ ಸುಳ್ಳಲ್ಲ. ಬದುಕಿ ಉಳಿಯಲು ಎಷ್ಟು ಸಾಕು ಎಂದು ಅವರು ಕೇಳಲಿಲ್ಲ, ಚೆನ್ನಾಗಿ ಬೆಳೆಯಲು ಎಷ್ಟು ಬೇಕು ಎಂದು ಕೇಳಿದರು. ಹಟ್ಟಿಯ ದನಕ್ಕೆ ರೈತ ಹಾಕುವ ಲೆಕ್ಕ ಅದೇ ಆಗಿರುವಾಗ ಮಗುವಿಗೆ ಬೇರೆ ಲೆಕ್ಕ ಯಾಕೆ ಎಂಬುದು ಅವರ ನಿಲುವು.

ಅವರ ಮಾತು ನಿಜವೆಂದು ತೋರಿಸಿಕೊಟ್ಟದ್ದು ಎರಡನೇ ಮಹಾಯುದ್ಧ. ರೇಷನ್ ಬಂದು, ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ದಿನಕ್ಕೊಂದು ಪಿಂಟ್ ಹಾಲು ಅಗ್ಗವಾಗಿ, ತೀರಾ ಬಡವರಿಗೆ ಪುಕ್ಕಟೆಯಾಗಿ ಸಿಕ್ಕಿತು. ಬಾಂಬು ಬೀಳುತ್ತಿದ್ದ ಆ ದಿನಗಳಲ್ಲೇ ಬಡ ಮಕ್ಕಳ ಆರೋಗ್ಯ ಸುಧಾರಿಸಿತು. ಅದೇ ಬ್ರಿಟಿಷರ ಆಡಳಿತದಲ್ಲಿದ್ದ ನಮ್ಮ ಬಂಗಾಳದಲ್ಲಿ 1943ರ ಕ್ಷಾಮಕ್ಕೆ ಲಕ್ಷಾಂತರ ಜನ ಬಲಿಯಾದರು. ಈ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಓದುವಾಗ ಕರುಳು ಕಿವುಚಿದಂತಾಗುತ್ತದೆ.

ಕ್ವಿಬೆಕ್‌ನಲ್ಲಿ ಓರ್ ಪಟ್ಟಕ್ಕೆ ಬಂದಾಗ ಹೊಸ ಸಂಸ್ಥೆಯ ಅಧಿಕಾರ ಬಹಳ ಸಣ್ಣದು. ಅಂಕಿ-ಅಂಶ ಸಂಗ್ರಹಿಸಿ ಸಲಹೆ ಕೊಡಬಹುದು, ಒಂದು ಮೂಟೆ ಗೋಧಿ ಕೊಳ್ಳುವಂತಿಲ್ಲ. ಅಷ್ಟರಲ್ಲಿ ಭಾರತದಲ್ಲಿ ಮಳೆ ಕೈಕೊಟ್ಟಿತ್ತು. ಮದ್ರಾಸ್, ಬೊಂಬಾಯಿ, ಮೈಸೂರು ಸೀಮೆಗಳಲ್ಲಿ ಧಾನ್ಯದ ಅಭಾವ, ರೇಷನ್ ತಲೆಗೆ ದಿನಕ್ಕೆ 12 ಔನ್ಸಿಗೆ ಇಳಿದಿತ್ತು. ಇದ್ದ ಧಾನ್ಯವನ್ನು ದೇಶದೇಶಗಳಿಗೆ ಹಂಚಲು 1946ರಲ್ಲಿ ಅಂತರರಾಷ್ಟ್ರೀಯ ತುರ್ತು ಆಹಾರ ಮಂಡಳಿ ರಚನೆಯಾಗುವಂತೆ ಓರ್ ನೋಡಿಕೊಂಡರು. ನೀಲಗಿರಿಯ ಕೂನೂರಿನಲ್ಲಿ ಹತ್ತು ವರ್ಷ ಪೋಷಣಾ ಪ್ರಯೋಗಶಾಲೆ ನಡೆಸಿ, ಬಂಗಾಳ ಕ್ಷಾಮದ ವಿಚಾರಣಾ ಆಯೋಗದಲ್ಲೂ ಇದ್ದ ಡಾ. ವಾಲೇಸ್ ಐಕ್ರಾಯ್ಡ್ ಅವರು ಸಂಸ್ಥೆಯ ಪೋಷಣಾ ವಿಭಾಗದ ಮುಖ್ಯಸ್ಥರಾದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಓರ್ ತಮ್ಮ ಬಾಳಿನ ದೊಡ್ಡ ಯೋಜನೆ ಮುಂದಿಟ್ಟರು: ವಿಶ್ವ ಆಹಾರ ಮಂಡಳಿ. ಬೆಳೆ ಹೆಚ್ಚಾದ ವರ್ಷ ಅದು ಧಾನ್ಯ ಕೊಂಡು ದಾಸ್ತಾನು ಮಾಡಬೇಕು, ಕೊರತೆಯ ವರ್ಷ ಹೊರಬಿಡಬೇಕು. ರೈತನಿಗೆ ಬೆಲೆ ಕುಸಿಯಬಾರದು, ಕೊಳ್ಳುವವನಿಗೆ ಏರಬಾರದು, ಬಡ ದೇಶಗಳಿಗೆ ಸಾಲ ಸಿಗಬೇಕು. ಮೊದಲು ಎಲ್ಲರೂ ತಲೆದೂಗಿದರು. ದುಡ್ಡು ಕೊಡುವ ಮತ್ತು ಅಧಿಕಾರ ಬಿಡುವ ಮಾತು ಬಂದಾಗ ಅಮೆರಿಕ ಹಿಂಜರಿಯಿತು, ಬ್ರಿಟನ್ನೂ ಹಿಂಜರಿಯಿತು. ಮಂಡಳಿ ಹುಟ್ಟಲೇ ಇಲ್ಲ. 1948ರ ಏಪ್ರಿಲಿನಲ್ಲಿ ಓರ್ ನಿರಾಶರಾಗಿ ಸ್ಥಾನ ಬಿಟ್ಟರು. ಜಗತ್ತಿಗೆ ಬೇಡವಾದ ಆ ಉಪಾಯಕ್ಕೆ ಹತ್ತಿರದ್ದೊಂದನ್ನು ನಮ್ಮ ದೇಶ 1965ರಲ್ಲಿ ಭಾರತೀಯ ಆಹಾರ ನಿಗಮದ ಮೂಲಕ ತನ್ನ ಮಟ್ಟಿಗೆ ಮಾಡಿಕೊಂಡಿತು.

ಹುದ್ದೆ ಬಿಟ್ಟ ಮೇಲೆ ಕೆಲವು ಕಂಪನಿಗಳ ನಿರ್ದೇಶಕರಾಗಿ, ಷೇರು ವ್ಯವಹಾರದಲ್ಲೂ ಕೈಹಾಕಿ ಚೆನ್ನಾಗಿಯೇ ಸಂಪಾದಿಸಿದರು. ಹಳೆಯ ಅಕೌಂಟೆನ್ಸಿ ಮರೆತಿರಲಿಲ್ಲವೆಂದು ಕಾಣುತ್ತದೆ. 1949ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದರ ಹಣವನ್ನೆಲ್ಲ ಶಾಂತಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಟ್ಟುಬಿಟ್ಟರು. ಅವರು ಬಿಟ್ಟ ಕುರ್ಚಿಯಲ್ಲಿ 1956ರಿಂದ 1967ರವರೆಗೆ ಕೂತವರು ಭಾರತೀಯರಾದ ಬಿನಯ್ ರಂಜನ್ ಸೇನ್, ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡಿದ್ದ ಅಧಿಕಾರಿ.

1937ರಿಂದ 39ರವರೆಗೆ ಓರ್ ಅವರ ತಂಡ ಬ್ರಿಟನ್ನಿನ ಸುಮಾರು 1,350 ಮನೆಗಳ ಊಟದ ಲೆಕ್ಕ ಬರೆದಿಟ್ಟಿತ್ತು. ಆ ಕಡತಗಳನ್ನು ಅರ್ಧ ಶತಮಾನದ ನಂತರ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತೆ ತೆರೆದು, ಆ ಮನೆಗಳ ಮಕ್ಕಳು ವೃದ್ಧರಾದಾಗ ಅವರ ಆರೋಗ್ಯ ಹೇಗಿತ್ತೆಂದು ಹುಡುಕಿ ನೋಡಿದರು.

ಓರ್ 1971ರ ಜೂನ್ 25ರಂದು, 90ನೇ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ತಮ್ಮ ಮನೆಯಲ್ಲಿ ತೀರಿಕೊಂಡರು. 1946ರಿಂದ ಬ್ರಿಟನ್ನಿನ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡುತ್ತಿದ್ದ ಹಾಲನ್ನು ಪ್ರೌಢಶಾಲೆಗಳಲ್ಲಿ 1968ರಲ್ಲೇ ನಿಲ್ಲಿಸಿದ್ದರು. ಏಳು ವರ್ಷ ದಾಟಿದ ಉಳಿದ ಮಕ್ಕಳಿಗೂ ಅದು ನಿಂತದ್ದು ಅವರು ತೀರಿಕೊಂಡ ಅದೇ ವರ್ಷ, ಸೆಪ್ಟೆಂಬರಿನಲ್ಲಿ ಶಾಲೆಗಳು ತೆರೆದಾಗ.