ಹಡಪಸರದ ಹೊಲದಲ್ಲೊಂದು ಆಸ್ಪತ್ರೆ

*ಇಂದಿನ ಧಮ್ಮ ಚಿಂತನೆ*



ಧಮ್ಮ ಬಂಧುಗಳೇ, ಅಕ್ಷರದವ್ವ ಸಾವಿತ್ರಿಬಾಯಿ ಫುಲೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು 1848ರ ಪುಣೆಯ ಭಿಡೆ ವಾಡೆಯ ಶಾಲೆ, ದಾರಿಯಲ್ಲಿ ಜನ ಎಸೆದ ಸಗಣಿ, ಅದಕ್ಕಾಗಿಯೇ ಜೊತೆಗೆ ಒಯ್ಯುತ್ತಿದ್ದ ಇನ್ನೊಂದು ಸೀರೆ. ಜನವರಿ 3 ಬಂತೆಂದರೆ ಶಾಲೆ ಶಾಲೆಯಲ್ಲೂ ಮಕ್ಕಳು ಇದನ್ನೇ ಭಾಷಣ ಮಾಡುತ್ತಾರೆ. ಪಾಠ ಹೇಳುವ ನಮಗೆ ಆ ಭಾಗ ಹೆಚ್ಚು ಪ್ರಿಯವಾಗುವುದೂ ಸಹಜವೇ. ಅವ್ವನ ಸಾವು ಮಾತ್ರ ಕೊನೆಯಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ 1897ರ ಮಾರ್ಚ್ 10ರಂದು ತೀರಿಕೊಂಡರು, ಅಷ್ಟೆ. ಇವತ್ತು ಆ ಒಂದು ಸಾಲನ್ನು ಸ್ವಲ್ಪ ಬಿಡಿಸಿ ನೋಡೋಣ.

ಪ್ಲೇಗ್ ಮೊದಲು ಕಾಣಿಸಿದ್ದು ಮುಂಬಯಿಯಲ್ಲಿ, 1896ರ ಸೆಪ್ಟೆಂಬರಿನಲ್ಲಿ, ಬಂದರಿನ ಹತ್ತಿರದ ಮಾಂಡವಿ ಎಂಬಲ್ಲಿ. ತೊಡೆಯ ಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಏಳುವುದು, ಜ್ವರ ಏರುವುದು, ಕೆಲವೇ ದಿನಗಳಲ್ಲಿ ಜೀವ ಹೋಗುವುದು. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಔಷಧವಂತೂ ಯಾರ ಬಳಿಯೂ ಇರಲಿಲ್ಲ. ಸರ್ಕಾರಕ್ಕೆ ತೋಚಿದ್ದು ಒಂದೇ ದಾರಿ: ರೋಗಿಯನ್ನು ಹುಡುಕು, ಮನೆಯವರಿಂದ ಬಿಡಿಸು, ಆಸ್ಪತ್ರೆಗೆ ಸಾಗಿಸು.

ಆ ಆಸ್ಪತ್ರೆಯನ್ನು ಜನ ನಂಬಲಿಲ್ಲ. ಹೋದವರು ತಿರುಗಿ ಬರುವುದಿಲ್ಲ ಎಂಬುದು ಅವರ ಕಣ್ಣಿಗೆ ಕಂಡ ಸತ್ಯವಾಗಿತ್ತು. ಅದರ ಮೇಲೆ ಗಾಳಿಸುದ್ದಿ. ಒಳಗೆ ವೈದ್ಯರೇ ವಿಷ ಕೊಟ್ಟು ಕೊಲ್ಲುತ್ತಾರೆ, ಹೆಣದಿಂದ ಎಣ್ಣೆ ತೆಗೆದು ಮುಲಾಮು ಮಾಡುತ್ತಾರೆ ಎಂದು ಮುಂಬಯಿ ತುಂಬ ಮಾತಾಯಿತು. 1896ರ ಅಕ್ಟೋಬರ್ ಕೊನೆಯಲ್ಲಿ ಸುಮಾರು ಸಾವಿರ ಮಂದಿ ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಗೇ ನುಗ್ಗಿದರು. ಅವರನ್ನು ಮೂಢರೆಂದು ಬೈದು ಮುಂದೆ ಹೋಗುವುದು ಸುಲಭ. ಆದರೆ ಕಾಯಿಲೆಯಿಲ್ಲದ ದಿನಗಳಲ್ಲಿ ಯಾರೂ ತಿರುಗಿ ನೋಡದ ಚಾಳುಗಳಿಗೆ, ಕಾಯಿಲೆ ಬಂದಾಗ ಮಾತ್ರ ಪೊಲೀಸರ ಸಮೇತ ವೈದ್ಯ ಬಂದರೆ, ಒಳಗಿದ್ದವರು ಏನೆಂದು ತಿಳಿಯಬೇಕು?

ಇಲ್ಲಿ ಇನ್ನೊಂದು ಸಂಗತಿ ಇದೆ. ನಮ್ಮವರಿಗೆ ಇದು ಗೊತ್ತಿರಬೇಕು. ಆ ಗಲಭೆಯ ಬೆನ್ನಿಗೇ ಮುಂಬಯಿಯ ಮುನಿಸಿಪಲ್ ಕಮಿಷನರು ಪ್ಲೇಗ್ ನಿಯಮಗಳನ್ನು ಸಡಿಲಿಸಿದ. ಆತನಿಗಿದ್ದ ದೊಡ್ಡ ಅಂಜಿಕೆಗಳಲ್ಲಿ ಒಂದು, ನಗರದ ಕಸ ಗುಡಿಸುವವರು, ಮಲ ಹೊರುವ ಹಲಾಲಖೋರರು ಹೆದರಿ ಊರು ಬಿಟ್ಟುಹೋದರೆ ಏನು ಗತಿ ಎಂಬುದು. ಅವರು ಹೋದರೆ ಮುಂಬಯಿಯಲ್ಲಿ ಮನುಷ್ಯರು ವಾಸ ಮಾಡುವಂತಿರಲಿಲ್ಲ. ನಗರದ ಆರೋಗ್ಯ ಯಾರ ಹೆಗಲ ಮೇಲೆ ನಿಂತಿದೆ ಎಂದು ಆ ಒಂದು ವಾರ ಎಲ್ಲರಿಗೂ ತಿಳಿದಿತ್ತು.

ಪ್ಲೇಗ್ ರೈಲು ಹತ್ತಿ ಪುಣೆಗೆ ಬಂತು. 1897ರ ಫೆಬ್ರುವರಿ 4ಕ್ಕೆ ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಯಾಯಿತು. ಯಾವ ಮನೆಗಾದರೂ ನುಗ್ಗಿ, ಯಾರನ್ನಾದರೂ ತಡೆದು ತಪಾಸಣೆ ಮಾಡುವ ಅಧಿಕಾರ ಅದರಿಂದ ಸಿಕ್ಕಿತು. ಫೆಬ್ರುವರಿ 9ಕ್ಕೆ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ತೀರಿಕೊಂಡರು. ಗಿರಣಿ ಕಾರ್ಮಿಕರಿಗೆ ಮೊದಲು ಸಂಘ ಕಟ್ಟಿದವರು, ಜೋತಿಬಾ ಅವರ ಸತ್ಯಶೋಧಕ ಸಮಾಜದ ಗಟ್ಟಿ ಆಳು. ಕೆಲಸಗಾರರ ನಡುವೆ ಪ್ಲೇಗ್ ಸೇವೆಗೆ ನಿಂತಿದ್ದವರನ್ನು ಪ್ಲೇಗೇ ಒಯ್ದಿತು. ಸಮಾಜದ ಒಬ್ಬ ಹಿರಿಯರು ಹೀಗೆ ಹೋದ ಮೇಲೂ ಪುಣೆಯಲ್ಲಿ ಅವ್ವ ಹಿಂದೆ ಸರಿಯಲಿಲ್ಲ.

ಆಗ ಅವರಿಗೆ 66 ವರ್ಷ. ಜೋತಿಬಾ ಹೋಗಿ ಆರು ವರ್ಷ ದಾಟಿತ್ತು. ಸಮಾಜದ ಭಾರ ಅವರ ಮೇಲೇ ಇತ್ತು, 1893ರಲ್ಲಿ ಸಾಸವಡದ ಅಧಿವೇಶನಕ್ಕೆ ಅಧ್ಯಕ್ಷತೆ ವಹಿಸಿದವರೂ ಅವರೇ. ಮಗ ಯಶವಂತ ಸೈನ್ಯದಲ್ಲಿ ವೈದ್ಯರು. ಅವರನ್ನು ಕರೆಸಿಕೊಂಡು ಪುಣೆಯ ಹೊರಗೆ ಹಡಪಸರದ ಸಸಾಣೆ ಮಳಾ ಎಂಬ ಬಯಲಿನಲ್ಲಿ ಪ್ಲೇಗ್ ರೋಗಿಗಳಿಗಾಗಿ ಒಂದು ಆಸ್ಪತ್ರೆ ತೆರೆಸಿದರು. ಹಡಪಸರ ಯಶವಂತರ ಮಾವ ಗ್ಯಾನೋಬಾ ಸಸಾಣೆಯವರ ಊರು. ಸರ್ಕಾರದ ಅಪ್ಪಣೆಯಿಂದಲ್ಲ, ಬೀಗರ ಊರಿನ ನೆಲದ ಮೇಲೆ ಎದ್ದ ಆಸ್ಪತ್ರೆ ಅದು.

ಈ ಯಶವಂತರು ಯಾರೆಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತು, ಆದರೂ ಹೇಳುತ್ತೇನೆ. 1863ರಲ್ಲಿ ಫುಲೆ ದಂಪತಿಗಳು ತಮ್ಮ ಮನೆಯಲ್ಲೇ ಒಂದು ಹೆರಿಗೆಯ ಆಶ್ರಯ ತೆರೆದರು. ಬಸಿರಾದ ಬ್ರಾಹ್ಮಣ ವಿಧವೆಯರು ಆಗ ಬಾವಿಗೆ ಬೀಳುತ್ತಿದ್ದರು, ಇಲ್ಲವೇ ಹುಟ್ಟಿದ ಕೂಸಿನ ಕತ್ತು ಹಿಸುಕುತ್ತಿದ್ದರು. ಗುಟ್ಟಾಗಿ ಬಂದು ಹೆತ್ತು ಹೋಗಬಹುದು, ಮಗುವನ್ನು ಬಿಟ್ಟಾದರೂ ಹೋಗಬಹುದು ಎಂದು ಊರಲ್ಲಿ ಪ್ರಕಟಣೆ ಅಂಟಿಸಿದರು. ಸಗಣಿ ಎಸೆದ ಕೇರಿಗಳ ಹೆಣ್ಣುಮಕ್ಕಳೇ ರಾತ್ರಿಯಲ್ಲಿ ಬಂದು ಬಾಗಿಲು ತಟ್ಟಿದರು. ಅವ್ವ ಯಾರ ಹೆಸರನ್ನೂ ಹೊರಗೆ ಬಿಡಲಿಲ್ಲ. ಹಾಗೆ ಬಂದವರಲ್ಲಿ ಕಾಶೀಬಾಯಿ ಎಂಬ ವಿಧವೆ ಹೆತ್ತ ಮಗುವೇ ಯಶವಂತ. ಅದನ್ನು ದತ್ತು ಪಡೆದು, ಓದಿಸಿ, ವೈದ್ಯನನ್ನಾಗಿ ಮಾಡಿದರು. ಒಂದು ಆಸರೆಯ ಮನೆಯಲ್ಲಿ ಉಳಿದ ಜೀವ ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ಇನ್ನೊಂದು ಆಸರೆಯ ಮನೆಗೆ ವೈದ್ಯನಾಯಿತು.

ನನಗೆ ಅನ್ನಿಸುವುದು ಇದು. ಹಡಪಸರದ ಆಸ್ಪತ್ರೆಯ ಮೇಲೆ ಜನರಿಗಿದ್ದ ನಂಬಿಕೆ 1897ರಲ್ಲಿ ಹುಟ್ಟಿದ್ದಲ್ಲ. 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದವರು ಅವರು. 1877ರ ಬರದಲ್ಲಿ ಧನಕವಡಿಯ ಶಿಬಿರದಲ್ಲಿ ಹಸಿದ ಮಕ್ಕಳಿಗೆ ಊಟ ಹಾಕಿಸಿದವರು. ಒಬ್ಬರ ನೀರು ಕುಡಿದಿದ್ದೇವೆ, ಒಬ್ಬರ ಅನ್ನ ಉಂಡಿದ್ದೇವೆ ಎಂದಾಗ ಅವರ ಕೈಯ ಗಂಜಿಯಲ್ಲಿ ವಿಷವಿದೆ ಎಂದು ಯಾರೂ ನಂಬುವುದಿಲ್ಲ. ಮೂವತ್ತು ವರ್ಷದ ಠೇವಣಿ ಅದು. ಪ್ಲೇಗ್ ಬಂದ ಮೇಲೆ ಇಟ್ಟರೆ ಆಗುತ್ತಿರಲಿಲ್ಲ.

ಮುಂಢವಾ ಎಂಬ ಊರಿನ ಹೊರಗಿನ ಮಹಾರ ಕೇರಿಯಲ್ಲಿ ಬಾಬಾಜಿ ಗಾಯಕವಾಡರ ಮಗ ಪಾಂಡುರಂಗನಿಗೆ ಗಡ್ಡೆ ಎದ್ದಿದೆ ಎಂಬ ಸುದ್ದಿ ಬಂತು. ಅವ್ವ ತಾವೇ ಹೋದರು. ಹುಡುಗನನ್ನು ಬೆನ್ನಿಗೆ ಹಾಕಿಕೊಂಡು ಹಡಪಸರದವರೆಗೆ ಹೊತ್ತು ತಂದರು. 66 ವರ್ಷದ ಬೆನ್ನು. ಅದೂ ಆ ಕಾಲದಲ್ಲಿ, ನೆರಳು ಬಿದ್ದರೂ ಮೈಲಿಗೆ ಎನ್ನುತ್ತಿದ್ದ ಪೇಶ್ವೆಗಳ ಪುಣೆಯ ಪಕ್ಕದಲ್ಲಿ, ಮಹಾರ ಹುಡುಗನ ಜ್ವರದ ಮೈ ಅವರ ಬೆನ್ನಿಗೆ ಅಂಟಿಕೊಂಡಿತ್ತು. ಹುಡುಗ ಬದುಕಿಕೊಂಡ ಎಂದು ಹೇಳುತ್ತಾರೆ. ಅವ್ವನಿಗೆ ಪ್ಲೇಗ್ ತಗುಲಿತು. ಮಾರ್ಚ್ 10ಕ್ಕೆ ಹೋದರು. ನಮ್ಮ ಬಾಬಾಸಾಹೇಬರಿಗೆ ಆಗ ಇನ್ನೂ ಆರು ತುಂಬಿರಲಿಲ್ಲ.

ಅವ್ವ ತೀರಿಕೊಂಡ ಮೂರನೆಯ ದಿನ, ಮಾರ್ಚ್ 13ಕ್ಕೆ, ಪುಣೆಯ ಬೀದಿಗಳಿಗೆ ಸೈನಿಕರು ಇಳಿದರು. ಪ್ಲೇಗ್ ಸಮಿತಿಯ ಅಧ್ಯಕ್ಷ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿ. ಅಧಿಕಾರಿಗಳು, ಸಿಪಾಯಿಗಳು ಸೇರಿ ಎಂಟುನೂರಕ್ಕೂ ಹೆಚ್ಚು ಮಂದಿ. ಬೂಟುಗಾಲಲ್ಲಿ ಅಡುಗೆಮನೆಗೆ ನುಗ್ಗಿದರು, ಹೆಂಗಸರನ್ನು ಬೀದಿಗೆ ಕರೆದು ಮೈ ತಪಾಸಣೆ ಮಾಡಿದರು, ಹಾಸಿಗೆ ಬಟ್ಟೆ ಸುಟ್ಟರು. ಜನ ಮಾಡಿದ್ದೇನು? ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣಗಳನ್ನೂ ಬಚ್ಚಿಟ್ಟರು, ರಾತ್ರೋರಾತ್ರಿ ಊರು ಬಿಟ್ಟು ರೋಗವನ್ನು ಹಳ್ಳಿಗಳಿಗೆ ಒಯ್ದರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡನನ್ನು ಗುಂಡಿಟ್ಟು ಹೊಡೆದರು. ಇತಿಹಾಸದ ಪುಸ್ತಕಗಳಲ್ಲಿ ಆ ಗುಂಡಿಗೆ ಸಿಕ್ಕ ಜಾಗ ಹಡಪಸರದ ಆಸ್ಪತ್ರೆಗೆ ಸಿಕ್ಕಿಲ್ಲ. ಯಾಕೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡೂ ಕಡೆ ಕೆಲಸ ಒಂದೇ ಆಗಿತ್ತು, ರೋಗಿಯನ್ನು ಮನೆಯಿಂದ ಬೇರೆ ಮಾಡಿ ಊರ ಹೊರಗೆ ಇಡುವುದು. ಒಂದು ಕಡೆ ಕೋವಿ ಹಿಡಿದವರು ಎಳೆದೊಯ್ದರು, ಇನ್ನೊಂದು ಕಡೆ ಗುರುತಿನ ಅವ್ವ ಬೆನ್ನ ಮೇಲೆ ಹೊತ್ತೊಯ್ದರು. ಮರುವರ್ಷ ರೋಗ ನಮ್ಮ ಕಡೆಗೂ ಬಂತು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರು ಎರಡೂ ನರಳಿದವು. ಶ್ರೀರಂಗಪಟ್ಟಣದ ಹತ್ತಿರದ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆಯೆದ್ದರು. ಪ್ಲೇಗ್ ಮಾರಮ್ಮನ ಗುಡಿಗಳು ಅಲ್ಲಲ್ಲಿ ಇವತ್ತಿಗೂ ಇವೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಒಬ್ಬ ಭಿಕ್ಖು ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿರುತ್ತಾನೆ. ಭಗವಾನರು ನೀರು ಹೊಯ್ಯುತ್ತಾರೆ, ಆನಂದರು ಮೈ ತೊಳೆಯುತ್ತಾರೆ. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದರು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಸೇರಿಸಿ, ಇವನನ್ನು ಯಾಕೆ ಯಾರೂ ನೋಡಿಕೊಳ್ಳಲಿಲ್ಲ ಎಂದು ವಿಚಾರಿಸುತ್ತಾರೆ. ಅವನಿಂದ ಉಳಿದ ಭಿಕ್ಖುಗಳಿಗೆ ಏನೂ ಉಪಯೋಗವಿರಲಿಲ್ಲ, ಅದಕ್ಕೇ ನೋಡಲಿಲ್ಲ ಎಂಬ ಉತ್ತರ ಬರುತ್ತದೆ. ಎಷ್ಟು ಪ್ರಾಮಾಣಿಕವಾದ, ಎಷ್ಟು ಭಯಂಕರವಾದ ಉತ್ತರ! ರೋಗಿಯ ಸೇವೆ ತನ್ನದೇ ಸೇವೆ ಎಂಬ ಭಗವಾನರ ಉಪದೇಶ ಅಲ್ಲೇ ಬರುವುದು. ಅದರ ಬೆನ್ನಿಗೇ ಆರೈಕೆ ಮಾಡುವವರಿಗೆ ಬೇಕಾದ ಐದು ಗುಣಗಳನ್ನು ಹೇಳಿದೆ. ಔಷಧ ಸಿದ್ಧ ಮಾಡಲು ಬರಬೇಕು, ರೋಗಿಗೆ ಯಾವುದು ಹಿತ ಯಾವುದು ಅಹಿತ ತಿಳಿದಿರಬೇಕು, ಮಲಮೂತ್ರ ವಾಂತಿಗೆ ಹೇಸಬಾರದು, ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು, ಮತ್ತು ಲಾಭದಾಸೆಯಿಂದಲ್ಲದೆ ಮೆತ್ತಾ ಚಿತ್ತದಿಂದ ನೋಡಿಕೊಳ್ಳಬೇಕು.

ಈ ಕೊನೆಯದರ ಹತ್ತಿರ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಇದನ್ನೇ ತಿರುಚಿ ನಮ್ಮವರಿಗೆ ಮೋಸ ಮಾಡುತ್ತಾರೆ. ಸೇವೆ ಎಂದ ಮೇಲೆ ಸಂಬಳ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಬಳಗದ ಮನೆಗಳಲ್ಲೇ ಪೌರಕಾರ್ಮಿಕರಿದ್ದಾರೆ, ಆಸ್ಪತ್ರೆಯ ಡಿ ಗ್ರೂಪ್ ನೌಕರರಿದ್ದಾರೆ, ನರ್ಸುಗಳು, ಆಶಾ ಕಾರ್ಯಕರ್ತೆಯರಿದ್ದಾರೆ. ಕೊರೊನಾ ಬಂದಾಗ ಮನೆಮನೆಗೆ ಹೋದವರು ಇವರೇ. ಜೀಪಿನಲ್ಲಿ ಬಂದವರಿಗೆ ತೆರೆಯದ ಬಾಗಿಲು, ಬಾಣಂತಿಯನ್ನು ನೋಡಿಕೊಂಡಿದ್ದ ಆಶಾ ಅಕ್ಕನಿಗೆ ತೆರೆಯಿತು. ಕೆಲವೆಡೆ ಇವರ ಮೇಲೂ ಹಲ್ಲೆಯಾಯಿತು. ಅದೇ 1897ರ ಕಾಯ್ದೆಗೆ 2020ರ ಏಪ್ರಿಲಿನಲ್ಲಿ ತಿದ್ದುಪಡಿ ತಂದು ಆರೋಗ್ಯ ಸಿಬ್ಬಂದಿಗೆ ರಕ್ಷಣೆ ಕೊಡಬೇಕಾಯಿತು. ಆಗ ಇವರಿಗೆ ಚಪ್ಪಾಳೆ ತಟ್ಟಿದೆವು, ಹೂವು ಚೆಲ್ಲಿದೆವು. ಆಮೇಲೆ ಗೌರವಧನಕ್ಕಾಗಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದಾಗ ಟ್ರಾಫಿಕ್ ಜಾಮ್ ಆಯಿತೆಂದು ಬೈದವರೂ ಇದ್ದರು.

ಮೆತ್ತಾ ಎಂಬುದು ಸೇವೆ ಮಾಡುವವರ ಒಳಗಿನ ಮಾತು. ಕೂಲಿ ಕೊಡದಿರಲು ಮಾಲೀಕನಿಗೆ ಅದು ನೆಪವಾಗಲಾರದು. ಮುಂಬಯಿಯ ಹಲಾಲಖೋರರು ಓಡಿಹೋದಾರೆಂದು ನಡುಗಿದ ಆಡಳಿತ, ಅವರನ್ನು ಉಳಿಸಿಕೊಳ್ಳುವುದನ್ನು ಯೋಚಿಸಿತು, ಅವರಿಗೆ ಮರ್ಯಾದೆ ಕೊಡುವುದನ್ನು ಯೋಚಿಸಲಿಲ್ಲ. ಅವ್ವ ಹಾಗಲ್ಲ, ಬೇರೆಯವರನ್ನು ಅಪಾಯಕ್ಕೆ ಕಳಿಸಿ ತಾವು ಹಿಂದೆ ನಿಲ್ಲಲಿಲ್ಲ. ಮುಂಢವಾಕ್ಕೆ ಆಳನ್ನು ಕಳಿಸಬಹುದಿತ್ತು. ಆ ಆಸ್ಪತ್ರೆಯಲ್ಲಿ ದುಡಿದವರಿಗೆ ಅದಕ್ಕಿಂತ ಬೇರೆ ಹುಮ್ಮಸ್ಸು ಏನು ಬೇಕಿತ್ತು? ಯಾರನ್ನು ಅಪಾಯದ ಬಾಗಿಲಿಗೆ ಕಳಿಸುತ್ತೇವೋ ಅವರ ಜೊತೆ ನಾವೂ ಹೋಗುತ್ತೇವೆಯೇ, ಹೋಗಲಾಗದಿದ್ದರೆ ಅವರ ಕೂಲಿಗೆ, ಕೈಗವಸಿಗೆ, ವಿಮೆಗೆ ದನಿ ಎತ್ತುತ್ತೇವೆಯೇ ಎಂಬುದನ್ನು ಈ ವಾರದ ಸಭೆಯಲ್ಲಿ ಮಾತಾಡೋಣ. ಬಳಗದ ಪೌರಕಾರ್ಮಿಕ ಬಂಧುಗಳು, ಆಶಾ ಅಕ್ಕಂದಿರು ದಯವಿಟ್ಟು ಬನ್ನಿ, ಅವತ್ತು ನೀವೇ ಮೊದಲು ಮಾತಾಡಬೇಕು.

ಅವ್ವ ಹೋದ ಮೇಲೆ ಯಶವಂತರು ಸೈನ್ಯದ ಕೆಲಸಕ್ಕೆ ಮರಳಿದರು. 1905ರಲ್ಲಿ ಪುಣೆಯಲ್ಲಿ ಪ್ಲೇಗ್ ಮತ್ತೆ ಹೆಚ್ಚಾಯಿತು. ಅವರು ಮತ್ತೆ ಬಂದರು, ರೋಗಿಗಳ ನಡುವೆ ನಿಂತರು, ಅದೇ ರೋಗ ತಗುಲಿ ಆ ವರ್ಷವೇ ತೀರಿಕೊಂಡರು.

ಜೈಭೀಮ್.