ಸರ್ ಆಪಿರಾನ ಙಾತಾ

ನ್ಯೂಜಿಲೆಂಡಿನ ಐವತ್ತು ಡಾಲರಿನ ನೋಟಿನ ಮೇಲೆ ಮುದ್ರಿತವಾಗಿರುವ ಗಂಭೀರ ಮುಖಮುದ್ರೆಯು ಸರ್ ಆಪಿರಾನ ಙಾತಾ ಅವರದು. ನಮ್ಮ ಅಧ್ಯಾಪಕರು ಙಕಾರವನ್ನು ವರ್ಣಮಾಲೆಯಲ್ಲಿ ಕಲಿಸುತ್ತಾರೆಯೇ ಹೊರತು, ಅದರಿಂದ ಮೊದಲಾಗುವ ಪದವೊಂದನ್ನು ಮಕ್ಕಳಿಗೆ ತೋರಿಸಲಾರರು. ಮಾವೋರಿಗಳ ನುಡಿಯಲ್ಲಿಯಾದರೋ ಅದು ಹೆಸರುಗಳ ಮೊದಲಲ್ಲೇ ನಿಲ್ಲುತ್ತದೆ. ಇಂತಹ ನುಡಿಯೊಂದು ಶಾಲೆಯ ಬಾಗಿಲ ಹೊರಗೆ ಉಳಿಯಬೇಕಾಗಿ ಬಂದ ಕಾಲದಲ್ಲಿ ಬಾಳಿದವರು ಅವರು.

ಉತ್ತರ ದ್ವೀಪದ ಪೂರ್ವ ತೀರದ ತೆ ಆರಾರೋವಾದಲ್ಲಿ 1874ರ ಜುಲೈ 3ರಂದು, ಙಾತಿ ಪೋರೌ ಪಂಗಡದಲ್ಲಿ, ಅವರ ಜನನವಾಯಿತು. ತಂದೆ ಪಾರಾತೆನೆ ಙಾತಾ ತಮ್ಮ ಜನರ ಸಂಪ್ರದಾಯವನ್ನು ಚೆನ್ನಾಗಿ ಬಲ್ಲವರು. ಮನೆಯಲ್ಲಿ ವಂಶಾವಳಿ, ಹಾಡು, ಹಿರಿಯರ ಕಥೆಗಳು, ಶಾಲೆಯಲ್ಲಿ ಇಂಗ್ಲಿಷು. ಬಾಲಕನು ವಾಯೊಮಾತಾತಿನಿಯ ದೇಶೀಯರ ಶಾಲೆಗೆ ಸೇರಿದನು.

ಆ ಶಾಲೆಗಳ ಹುಟ್ಟನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು. ಮಿಷನರಿಗಳು 1816ರಲ್ಲಿ ತೆರೆದ ಮೊದಲ ಶಾಲೆಯೂ ಅನಂತರದವೂ ಮಾವೋರಿ ಭಾಷೆಯಲ್ಲೇ ಪಾಠ ಹೇಳುತ್ತಿದ್ದವು. 1860ರ ದಶಕದ ಭೂಯುದ್ಧಗಳಲ್ಲಿ ಅವುಗಳಲ್ಲಿ ಬಹುಪಾಲು ಮುಚ್ಚಿಹೋದವು. ಆಗ ಬಂದ 1867ರ ದೇಶೀಯ ಶಾಲೆಗಳ ಶಾಸನವು ಹಳ್ಳಿಹಳ್ಳಿಯಲ್ಲಿ ಶಾಲೆ ತೆರೆಯಲು ಒಪ್ಪಿತು, ಆದರೆ ಷರತ್ತಿನ ಮೇಲೆ. ಊರಿನವರೇ ಶಾಲೆಯನ್ನು ಕೇಳಬೇಕು, ನಿವೇಶನವನ್ನು ಅವರೇ ಕೊಡಬೇಕು, ಕಟ್ಟಡದ ವೆಚ್ಚದಲ್ಲಿ ಅರ್ಧವನ್ನೂ ಉಪಾಧ್ಯಾಯರ ಸಂಬಳದಲ್ಲಿ ಕಾಲು ಭಾಗವನ್ನೂ ಹೊರಬೇಕು. ಯುದ್ಧದಲ್ಲಿ ನೆಲ ಕಳೆದುಕೊಂಡ ಜನರಿಗೆ ಈ ಹೊರೆ ಎಷ್ಟೆಂಬುದನ್ನು, ಶಾಲೆಗೆ ಭೂಮಿಯಿತ್ತ ಮನೆತನಗಳಿಗೆ ವಿವರಿಸಬೇಕಾಗಿಲ್ಲ. 1871ರಲ್ಲಿ ಹೊರೆ ಸಡಿಲವಾಯಿತು. ಹೀಗೆ ಜನರೇ ಬೇಡಿ, ನೆಲವಿತ್ತು ಪಡೆದ ಶಾಲೆಯಲ್ಲಿ ಅವರ ಭಾಷೆಗೆ ಮಾತ್ರ ಸ್ಥಾನವಿರಲಿಲ್ಲ. ಬೋಧನೆಯು ಸಾಧ್ಯವಾದ ಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂಬುದು ಶಾಸನದ ವಿಧಿ. 1880ರಲ್ಲಿ ತನಿಖಾಧಿಕಾರಿಯಾಗಿ ಬಂದ ಜೇಮ್ಸ್ ಪೋಪ್ ಅವರು ಕೆಳಗಿನ ತರಗತಿಗಳಲ್ಲಿ ಮಾವೋರಿಯ ನೆರವನ್ನು ಪಡೆಯಲು ಸಮ್ಮತಿಸಿದ್ದರು. ಆದರೂ ಮುಂದಿನ ದಶಕಗಳಲ್ಲಿ ಶಾಲೆಯ ಅಂಗಳದಲ್ಲಿ ಮಾತೃಭಾಷೆಯನ್ನಾಡಿದುದಕ್ಕೆ ಪೆಟ್ಟು ತಿಂದ ಮಕ್ಕಳು ಅನೇಕರು.

ಹಾಜರಿಯ ವಿಷಯದಲ್ಲಿ ಅಧಿಕಾರಿಗಳ ದೂರು ಬಹಳವಿತ್ತು. 1877ರ ಶಿಕ್ಷಣ ಶಾಸನವು ಬಿಳಿಯರ ಮಕ್ಕಳಿಗೆ ಹಾಜರಿಯನ್ನು ಕಡ್ಡಾಯಗೊಳಿಸಿತು. ಮಾವೋರಿ ಮಕ್ಕಳಿಗೆ ಆ ಕಡ್ಡಾಯವು ಬಂದುದು 1894ರಲ್ಲಿ. ಬಿತ್ತನೆ, ಕೊಯ್ಲು, ಮೀನುಗಾರಿಕೆಯ ದಿನಗಳಲ್ಲಿ ಮಕ್ಕಳ ಕೈಯೂ ಮನೆಗೆ ಬೇಕಾಗಿತ್ತು. ಭೂನ್ಯಾಯಾಲಯದ ಅಧಿವೇಶನಗಳಿಗಾಗಿ ಕುಟುಂಬಗಳೇ ದೂರದ ಪಟ್ಟಣಗಳಲ್ಲಿ ವಾರಗಟ್ಟಲೆ ತಂಗಬೇಕಾಗುತ್ತಿತ್ತು. ರೋಗರುಜಿನಗಳಂತೂ ಸರಿಯೇ. ಇದನ್ನು ಜನರ ಉದಾಸೀನತೆಯೆಂದು ಕರೆದವರು ಹಾಜರಿ ಪುಸ್ತಕವನ್ನು ಮಾತ್ರ ನೋಡಿದವರೆಂದೇ ಹೇಳಬೇಕು.

ಙಾತಾ ಅವರು 1883ರಲ್ಲಿ ಹಾಕ್ಸ್ ಬೇ ಪ್ರಾಂತದ ತೆ ಔತೆ ಕಾಲೇಜಿಗೆ ಹೋದರು. ಅಲ್ಲಿನ ಮುಖ್ಯೋಪಾಧ್ಯಾಯ ಜಾನ್ ಥಾರ್ನ್‌ಟನ್ ಅವರು ಮಾವೋರಿ ಹುಡುಗರನ್ನು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸುತ್ತಿದ್ದರು. ಆ ಕಾಲಕ್ಕೆ ಇದು ದೊಡ್ಡ ಸಾಹಸ. ವಿದ್ಯಾರ್ಥಿವೇತನದ ಬಲದಿಂದ ಙಾತಾ ಅವರು ಕ್ಯಾಂಟರ್ಬರಿ ಕಾಲೇಜು ಸೇರಿ 1893ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಆ ದೇಶದ ವಿಶ್ವವಿದ್ಯಾಲಯದಲ್ಲಿ ಪದವಿಯನ್ನು ಪೂರೈಸಿದ ಮೊದಲ ಮಾವೋರಿ ಅವರೇ. 1896ರಲ್ಲಿ ಕಾನೂನು ಪದವಿಯೂ ದೊರೆಯಿತು. ನಗರದಲ್ಲಿ ವಕೀಲಿ ನಡೆಸದೆ ಊರಿಗೆ ಮರಳಿದರು. ಮರುವರ್ಷವೇ ತೆ ಔತೆಯ ಹಳೆಯ ವಿದ್ಯಾರ್ಥಿಗಳ ಸಂಘವು ಮೈದಾಳಿತು. ಹಳ್ಳಿಗಳ ಆರೋಗ್ಯ, ಶಿಕ್ಷಣ, ಭೂಮಿ ಇವೇ ಅದರ ಚಿಂತೆ.

1905ರಲ್ಲಿ ಅವರು ಸಂಸತ್ತಿಗೆ ಆಯ್ಕೆಯಾದರು. ಮರುವರ್ಷ, ಅವರನ್ನು ಬೆಳೆಸಿದ ತೆ ಔತೆಯ ಮೇಲೆಯೇ ವಿಚಾರಣಾ ಆಯೋಗವು ಕುಳಿತು, ಪಠ್ಯದಲ್ಲಿ ಬೇಸಾಯಕ್ಕೆ ಹೆಚ್ಚಿನ ಸ್ಥಾನ ಕೊಡಬೇಕೆಂದು ಸೂಚಿಸಿತು. ಶಿಕ್ಷಣಾಧಿಕಾರಿಗಳ ದೃಷ್ಟಿಯಲ್ಲಿ ಮಾವೋರಿ ಹುಡುಗನು ರೈತನಾದರೆ ಸಾಕಾಗಿತ್ತು. ಬೇಸಾಯವು ಹೀನವೆಂದಲ್ಲ, ಙಾತಾ ಅವರೇ ಮಂತ್ರಿಗಳಾಗಿ, 1929ರಿಂದ, ಮಾವೋರಿ ಭೂಮಿಯನ್ನು ಸಾಗುವಳಿಗೆ ತರುವ ಮಹಾಯೋಜನೆಯನ್ನು ನಡೆಸಿದರು. ಆದರೆ ಒಂದು ಜನಾಂಗದ ಮಗು ಎಲ್ಲಿಯವರೆಗೆ ಓದಬಹುದೆಂಬ ಗೆರೆಯನ್ನು ಬೇರೆಯವರು ಎಳೆಯುವುದು ಬೇರೆ ಮಾತು. ಸರ್ಕಾರವು ಮಾವೋರಿ ಊರುಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯತೊಡಗಿದ್ದು 1941ರಲ್ಲಿ.

1927ರಲ್ಲಿ ಸರ್ ಪದವಿ, 1928ರಲ್ಲಿ ಮಂತ್ರಿಪದವಿ, 1934ರಲ್ಲಿ ಲೆಕ್ಕಪತ್ರಗಳ ವಿಚಾರಣೆಯ ತರುವಾಯ ರಾಜೀನಾಮೆ, 1943ರಲ್ಲಿ ಚುನಾವಣೆಯಲ್ಲಿ ಸೋಲು. ರಾಜಕೀಯದ ಕಥೆ ಇಷ್ಟು. 1929ರ ಒಂದೇ ವರ್ಷದಲ್ಲಿ ಪತ್ನಿ ಅರಿಹಿಯಾ ಮತ್ತು ಹಿರಿಯ ಮಗ ಇಬ್ಬರನ್ನೂ ಅವರು ಕಳೆದುಕೊಂಡರು.

ಭಾಷೆಯ ವಿಷಯದಲ್ಲಿ ಅವರ ನಿಲುವು ಸರಳವಾಗಿರಲಿಲ್ಲ. ಮನೆಯು ಮಾವೋರಿಯನ್ನು ಕಾಯುತ್ತದೆ, ಶಾಲೆಯು ಇಂಗ್ಲಿಷನ್ನು ಕೊಡಲಿ ಎಂಬುದು ಅವರ ಮೊದಲಿನ ನಂಬಿಕೆ. ಮನೆಯೇ ಮಾತು ಮರೆಯುವ ಲಕ್ಷಣಗಳು ಕಂಡಾಗ ಆ ನಂಬಿಕೆ ಅಲುಗಿತು. ಇಂಗ್ಲಿಷ್ ವಿದ್ಯೆಯಿಂದ ಬಂದ ಶಿಸ್ತನ್ನೇ ಅವರು ತಾಯ್ನುಡಿಯ ಸೇವೆಗೆ ತಿರುಗಿಸಿದ್ದರು. ವಿಶ್ವವಿದ್ಯಾಲಯದಲ್ಲಿ ಮಾವೋರಿಯು ಪಠ್ಯವಿಷಯವಾಗಲೆಂದು ಶ್ರಮಿಸಿದರು. ರೋಟೊರುವಾದಲ್ಲಿ ಕೆತ್ತನೆಯ ಶಾಲೆ ತೆರೆಯಿಸಿದರು. ಪಂಗಡಗಳ ಹಾಡುಗಳನ್ನು ದಶಕಗಳ ಕಾಲ ಸಂಗ್ರಹಿಸಿ ‘ಙಾ ಮೋತೆಯಾತೆಯಾ’ ಎಂಬ ಹೆಸರಿನಲ್ಲಿ 1928ರಿಂದ ಪ್ರಕಟಿಸತೊಡಗಿದರು.

1950ರ ಜುಲೈ 14ರಂದು, ಅಕ್ಷರ ಕಲಿತ ವಾಯೊಮಾತಾತಿನಿಯಲ್ಲಿಯೇ, ಅವರು ಕೊನೆಯುಸಿರೆಳೆದರು. ದೇಶೀಯರ ಶಾಲೆಗಳ ಪ್ರತ್ಯೇಕ ವ್ಯವಸ್ಥೆಯು 1969ರಲ್ಲಿ ಕೊನೆಗೊಂಡಿತು. 1987ರಲ್ಲಿ ಮಾವೋರಿಯು ದೇಶದ ಅಧಿಕೃತ ಭಾಷೆಯಾಯಿತು. ಅವರ ಹಾಡುಗಳ ಸಂಗ್ರಹದ ನಾಲ್ಕನೆಯ ಭಾಗವು ಅಚ್ಚಾಗಿ ಹೊರಬಂದುದು 1990ರಲ್ಲಿ.