ಗಾಳಿಯಲ್ಲಿ ಗುಟ್ಟು: ಮಾರ್ಕೋನಿಯ ಮುಖಭಂಗ

ನಿಸ್ತಂತು ಸಂದೇಶದ ಗೋಪ್ಯತೆಯ ಪ್ರಶ್ನೆ ಮೊಬೈಲ್ ಫೋನಿನೊಂದಿಗೆ ಹುಟ್ಟಿತೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಗುಗ್ಲಿಯೆಲ್ಮೊ ಮಾರ್ಕೋನಿಯೇ ಅದನ್ನು ಮೊದಲು ಎದುರಿಸಬೇಕಾಯಿತು.

1874ರಲ್ಲಿ ಇಟಲಿಯ ಬೊಲೊನ್ಯದಲ್ಲಿ ಸ್ಥಿತಿವಂತರ ಮನೆಯಲ್ಲಿ ಹುಟ್ಟಿದ ಮಾರ್ಕೋನಿ 1896ರಲ್ಲಿ ಇಂಗ್ಲೆಂಡಿಗೆ ಬಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದ. ಮರುವರ್ಷವೇ ಕಂಪನಿ ಸ್ಥಾಪನೆಯಾಯಿತು. ನನ್ನ ದೃಷ್ಟಿಯಲ್ಲಿ ಆತ ವಿಜ್ಞಾನಿಗಿಂತ ಹೆಚ್ಚಾಗಿ ಉದ್ಯಮಿ. 1901ರ ಡಿಸೆಂಬರಿನಲ್ಲಿ ಕಾರ್ನ್‌ವಾಲ್‌ನ ಪೋಲ್ಡು ಕೇಂದ್ರದ ಸಂಕೇತ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೇಳಿಸಿತೆಂದು ಆತ ಘೋಷಿಸಿದಾಗ, ಕಡಲಡಿಯ ಕೇಬಲ್‌ಗಳಿಗೆ ಅಪಾರ ಬಂಡವಾಳ ಸುರಿದಿದ್ದ ಕಂಪನಿಗಳು ಬೆಚ್ಚಿದವು. ಅವುಗಳ ಪಾಲಿಗೆ ಉಳಿದಿದ್ದ ಬಲವಾದ ವಾದ ಒಂದೇ: ಕೇಬಲ್‌ನ ಸಂದೇಶ ಎರಡು ತುದಿಗಳ ನಡುವೆ ಉಳಿಯುತ್ತದೆ, ಅಲೆ ಎಲ್ಲರಿಗೂ ತಲುಪುತ್ತದೆ. ನಿರ್ದಿಷ್ಟ ತರಂಗಕ್ಕೆ ಯಂತ್ರವನ್ನು ಶ್ರುತಿಗೊಳಿಸುವ ತನ್ನ 1900ರ ಪೇಟೆಂಟೇ ಇದಕ್ಕೆ ಪರಿಹಾರವೆಂಬುದು ಮಾರ್ಕೋನಿಯ ಉತ್ತರ.

ಈಸ್ಟರ್ನ್ ಟೆಲಿಗ್ರಾಫ್ ಕಂಪನಿ ನೆವಿಲ್ ಮ್ಯಾಸ್ಕಲೀನ್ ಎಂಬ ಜಾದೂಗಾರನನ್ನು ನೇಮಿಸಿಕೊಂಡಿತು. ನಿಸ್ತಂತು ವಿದ್ಯೆಯನ್ನೂ ಬಲ್ಲ ಆತ ಕಾರ್ನ್‌ವಾಲ್‌ನಲ್ಲಿ ಕಂಬ ನೆಟ್ಟು ಮಾರ್ಕೋನಿ ಕಂಪನಿಯ ಸಂದೇಶಗಳನ್ನು ಹಿಡಿದ. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರೊ. ಫ್ಲೆಮಿಂಗ್ ಉಪನ್ಯಾಸ ನೀಡುತ್ತಿದ್ದಾಗ, ಪೋಲ್ಡುವಿನಿಂದ ಮಾರ್ಕೋನಿಯ ಸಂದೇಶ ಬರುವ ಮೊದಲೇ ಯಂತ್ರ ಮೋರ್ಸ್ ಸಂಕೇತದಲ್ಲಿ ಮಾರ್ಕೋನಿಯನ್ನು ಅಣಕಿಸತೊಡಗಿತು. ಫ್ಲೆಮಿಂಗ್ ಪತ್ರಿಕೆಗೆ ಬರೆದು ಕಿಡಿಗೇಡಿಯನ್ನು ಪತ್ತೆಹಚ್ಚಲು ಕೋರಿದ. ಮ್ಯಾಸ್ಕಲೀನ್ ಅಳುಕಿಲ್ಲದೆ ಒಪ್ಪಿಕೊಂಡ. ಕದ್ದು ಕೇಳುವುದು ಬೇರೆ, ನಡುವೆ ನುಗ್ಗುವುದು ಬೇರೆ ಎಂಬುದೇನೋ ನಿಜ. ಆದರೆ ಆತ ಎರಡನ್ನೂ ಮಾಡಿ ತೋರಿಸಿದ್ದ.

ಮಾರ್ಕೋನಿಯ ಏಳಿಗೆಗೆ ಇದರಿಂದ ಧಕ್ಕೆಯಾಗಲಿಲ್ಲ. 1909ರಲ್ಲಿ ಬ್ರೌನ್ ಜೊತೆಗೆ ನೊಬೆಲ್ ದೊರೆಯಿತು. ಬೆಲೆ ತೆತ್ತವರು ಬೇರೆಯವರು. 1914ರ ಆಗಸ್ಟ್‌ನಲ್ಲಿ ಪೂರ್ವ ಪ್ರಷ್ಯಾದಲ್ಲಿ ರಷ್ಯನ್ ಸೇನಾಧಿಕಾರಿಗಳು ಎಷ್ಟೋ ಆದೇಶಗಳನ್ನು ಗೂಢಲಿಪಿಯಿಲ್ಲದೆ ನಿಸ್ತಂತುವಿನಲ್ಲಿ ಕಳುಹಿಸಿದರು. ಜರ್ಮನರು ಅವನ್ನು ಕೇಳಿಸಿಕೊಂಡರು. ಟ್ಯಾನೆನ್‌ಬರ್ಗ್‌ನಲ್ಲಿ ರಷ್ಯಾದ ಒಂದು ಸೇನೆಯೇ ನಾಶವಾಯಿತು. ನನ್ನ ಸೇವಾವಧಿಯಲ್ಲೂ ಗೋಪ್ಯ ಸಂದೇಶಗಳನ್ನು ಸಂಕೇತಲಿಪಿಯಲ್ಲೇ ಕಳುಹಿಸಬೇಕೆಂಬ ನಿಯಮವಿತ್ತು; ಅವಸರದಲ್ಲಿ ಅದನ್ನು ಬದಿಗಿಡುವವರೂ ಇದ್ದರು. ಇಂದಿನ ಮೊಬೈಲ್, ವೈಫೈಗಳ ಅಲೆಯೂ ಕೋಣೆಯ ಗೋಡೆಯೊಳಗೆ ನಿಲ್ಲುವುದಿಲ್ಲ. ಅದರಲ್ಲಿನ ಮಾತನ್ನು ಕಾಯುವುದು ಗೂಢಲಿಪಿಯೇ ಹೊರತು ಶ್ರುತಿಯಲ್ಲ.

1923ರಲ್ಲಿ ಫ್ಯಾಸಿಸ್ಟ್ ಪಕ್ಷ ಸೇರಿದ ಮಾರ್ಕೋನಿ ಮುಸೊಲಿನಿಯ ಆಪ್ತನಾಗಿ ಉಳಿದ. 1937ರ ಜುಲೈ 20ರಂದು ರೋಮ್‌ನಲ್ಲಿ ನಿಧನನಾದಾಗ ಬ್ರಿಟನ್ನಿನ ನಿಸ್ತಂತು ಕೇಂದ್ರಗಳು ಎರಡು ನಿಮಿಷ ಮೌನವಾದವು.